ಕೊಡಾಕ್ ಮುಳುಗುವ ಮೊದಲೇ ಪೇಟೆ ಮುಳುಗಿತ್ತು

ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನ ಡೌನ್‌ಟೌನ್ ಯಾಕೆ ಹಾಳುಬಿತ್ತು ಎಂದು ಯಾರನ್ನು ಕೇಳಿದರೂ ಒಂದೇ ಉತ್ತರ: ಕೊಡಾಕ್ ಮುಳುಗಿತು, ಜೊತೆಗೆ ಊರೂ ಮುಳುಗಿತು. ಡಿಜಿಟಲ್ ಕ್ಯಾಮೆರಾ ಬಂತು, ಫಿಲ್ಮ್ ರೋಲು ಹೋಯಿತು, ಕೆಲಸ ಹೋಯಿತು, ಅಂಗಡಿ ಮುಚ್ಚಿದವು. ಸಲೀಸಾದ ಕಥೆ. ದಾವಣಗೆರೆಯ ಕಾಟನ್ ಮಿಲ್ಲು, ಭದ್ರಾವತಿಯ ಕಾರ್ಖಾನೆ, ಕೆಜಿಎಫ್ ಗಣಿ ಇವುಗಳ ಬಗ್ಗೆ ಇದೇ ಧಾಟಿಯ ಮಾತು ಕೇಳಿ ಬೆಳೆದ ನಮ್ಮ ಕಿವಿಗೆ ಅದು ಥಟ್ಟನೆ ಒಪ್ಪಿಗೆಯಾಗುತ್ತದೆ. ಆದರೆ ತಾರೀಕುಗಳು ಈ ಕಥೆಗೆ ಒಪ್ಪುವುದಿಲ್ಲ.

ರಾಚೆಸ್ಟರಿನಲ್ಲಿ ಕೊಡಾಕ್ ನೌಕರರ ಸಂಖ್ಯೆ ಶಿಖರ ಮುಟ್ಟಿದ್ದು 1982ರಲ್ಲಿ, 60,400 ಮಂದಿ. ಕಂಪನಿ ದಿವಾಳಿ ಅರ್ಜಿ ಹಾಕಿದ್ದು 2012ರ ಜನವರಿಯಲ್ಲಿ. ಮೇನ್ ಸ್ಟ್ರೀಟ್ ಮತ್ತು ಕ್ಲಿಂಟನ್ ಅವೆನ್ಯೂ ಕೂಡುವಲ್ಲಿದ್ದ ಊರಿನ ಅತಿದೊಡ್ಡ ಅಂಗಡಿ ಸಿಬ್ಲೀಸ್ ಬಾಗಿಲು ಹಾಕಿದ್ದು 1990ರಲ್ಲಿ. ಎದುರಿನ ಮೆಕರ್ಡೀಸ್ ಮತ್ತು ಫೋರ್‌ಮನ್ಸ್ ಮುಚ್ಚಿದ್ದು 1994ರಲ್ಲಿ. ಆ ಹೊತ್ತಿಗೂ ಕೊಡಾಕ್ ಆ ಊರಲ್ಲಿ 30 ಸಾವಿರಕ್ಕೂ ಮಿಕ್ಕಿ ಜನರಿಗೆ ಸಂಬಳ ಕೊಡುತ್ತಿತ್ತು. ಪ್ರತಿ ಮಾರ್ಚ್‌ನಲ್ಲಿ ಕೊಡಾಕ್ ಬೋನಸ್ ಬರುತ್ತದೆಂದು ಕಾರು ಮಾರುವವರು, ಸೋಫಾ ಮಾರುವವರು ವರ್ಷವಿಡೀ ಕಾಯುತ್ತಿದ್ದ ಊರು ಅದು. ದುಡ್ಡಿಗೇನೂ ಕೊರತೆಯಿರಲಿಲ್ಲ. ಆ ದುಡ್ಡು ಪೇಟೆಗೆ ಬರುವುದು ನಿಂತಿತ್ತು, ಅಷ್ಟೇ. ಹೊರವಲಯದ ಹೆನ್ರಿಯೆಟಾದಲ್ಲಿ ಮಾರ್ಕೆಟ್‌ಪ್ಲೇಸ್ ಮಾಲ್ ತೆರೆದದ್ದೂ ಅದೇ 1982ರಲ್ಲಿ.

ಹಾಗಾಗಿ ನನ್ನ ವಾದ ಇಷ್ಟು: ಕಾರ್ಖಾನೆ ಮುಚ್ಚಿದರೆ ಊರು ಬಡವಾಗುತ್ತದೆ, ಪೇಟೆ ಸಾಯಲೇಬೇಕೆಂದಿಲ್ಲ. ಪೇಟೆಯನ್ನು ಕೊಲ್ಲಲು ಬೇರೆ ಸಾಮಾನು ಬೇಕು, ರಾಚೆಸ್ಟರ್ ಅದನ್ನೆಲ್ಲ ತನ್ನ ಶ್ರೀಮಂತಿಕೆಯ ದಿನಗಳಲ್ಲೇ ದುಡ್ಡು ಕೊಟ್ಟು ಕೊಂಡು ತಂದಿತ್ತು. ಈಗ ಅದನ್ನು ಕೀಳಿಸಲು ಮತ್ತೆ ದುಡ್ಡು ಕೊಡುತ್ತಿದೆ. ಅದೇ ಸಾಮಾನನ್ನು ನಮ್ಮ ನಡುಗಾತ್ರದ ಊರುಗಳು ಈಗ ಹೊಸದೆಂದು ತರಿಸಿಕೊಳ್ಳುತ್ತಿವೆ.

ಮೊದಲು ಊರಿನ ನಕ್ಷೆ. ಜೆನೆಸೀ ನದಿ ಊರ ಮಧ್ಯದಲ್ಲೇ 96 ಅಡಿ ಧುಮುಕುತ್ತದೆ. ಆ ನೀರಿನ ಬಲದಲ್ಲಿ ಹಿಟ್ಟಿನ ಗಿರಣಿಗಳು ಬಂದವು. ಹಿಟ್ಟು ಸಾಗಿಸಲು ಎರಿ ಕಾಲುವೆ ಬಂತು, ನದಿಯ ಮೇಲೆ ಕಲ್ಲಿನ ಮೇಲ್ಗಾಲುವೆ ಕಟ್ಟಿ ದೋಣಿಗಳನ್ನು ದಾಟಿಸಿದರು. ಕಾಲುವೆಯನ್ನು ಊರಾಚೆ ತಿರುಗಿಸಿದ ಮೇಲೆ ಒಣಗಿದ ಆ ಪಾತ್ರದಲ್ಲೇ ಹಳಿ ಹಾಕಿ 1927ರಲ್ಲಿ ಸಬ್‌ವೇ ರೈಲು ಓಡಿಸಿದರು. 1956ರಲ್ಲಿ ಅದನ್ನು ನಿಲ್ಲಿಸಿ, ಪೂರ್ವದ ಪಾತ್ರವನ್ನು ಹೆದ್ದಾರಿಗೆ ಕೊಟ್ಟರು. ಒಂದೇ ಗುಂಡಿಯಲ್ಲಿ ದೋಣಿ, ರೈಲು, ಕಾರು ಮೂರೂ ಆಗಿಹೋದವು. ಮೂರೂವರೆ ಲಕ್ಷ ಜನರೂ ಇಲ್ಲದ ಊರು ಸಬ್‌ವೇ ಕಟ್ಟಿ ಓಡಿಸಿತ್ತು ಎಂಬುದನ್ನು, ಬೆಂಗಳೂರಿನ ಮೆಟ್ರೋ ಕೆಲಸ ನೋಡಿ ಸುಸ್ತಾದವರು ಗಮನಿಸಬೇಕು.

1950ರ ಜನಗಣತಿಯಲ್ಲಿ ನಗರದ ಜನಸಂಖ್ಯೆ 3,32,488. 2020ರಲ್ಲಿ 2,11,328. ಇದನ್ನಷ್ಟೇ ನೋಡಿದರೆ ಜನ ಊರು ಬಿಟ್ಟು ಓಡಿದರು ಎನಿಸುತ್ತದೆ. ಆದರೆ ನಗರವನ್ನೂ ಸೇರಿಸಿಕೊಂಡಿರುವ ಮನ್ರೋ ಕೌಂಟಿಯ ಲೆಕ್ಕ ಅದೇ ಅವಧಿಯಲ್ಲಿ ಸುಮಾರು 4.9 ಲಕ್ಷದಿಂದ 7.6 ಲಕ್ಷಕ್ಕೆ ಏರಿದೆ. ಜನ ಹತ್ತು-ಹನ್ನೆರಡು ಮೈಲಿ ಆಚೆಗೆ ಸರಿದರು, ಅಷ್ಟೇ. ಗ್ರೀಸ್, ಹೆನ್ರಿಯೆಟಾ, ಪಿಟ್ಸ್‌ಫರ್ಡ್, ಇರಾಂಡೆಕ್ವಾಯ್ಟ್ ಎಲ್ಲವೂ ಪ್ರತ್ಯೇಕ ಟೌನುಗಳು. ಪ್ರತ್ಯೇಕ ಆಡಳಿತ, ಪ್ರತ್ಯೇಕ ಆಸ್ತಿ ತೆರಿಗೆ, ಎಲ್ಲಕ್ಕಿಂತ ಮುಖ್ಯವಾಗಿ ಪ್ರತ್ಯೇಕ ಶಾಲಾ ಜಿಲ್ಲೆ.

ಈ ಕೊನೆಯದು ನಮ್ಮವರಿಗೆ ಬೇಗ ಅರ್ಥವಾಗುವುದಿಲ್ಲ. ದಾವಣಗೆರೆಯಲ್ಲಿ ಚೌಕಿಪೇಟೆಯ ವ್ಯಾಪಾರಿ ವಿದ್ಯಾನಗರಕ್ಕೆ ಮನೆ ಬದಲಾಯಿಸಿದರೆ ಅವನ ಮಗಳ ಶಾಲೆ ಬದಲಾಗಬೇಕಿಲ್ಲ, ಶಾಲೆಯ ಬಸ್ಸು ಮನೆ ಬಾಗಿಲಿಗೆ ಬರುತ್ತದೆ. ಅವನು ಕಟ್ಟುವ ಕಂದಾಯವೂ ಅದೇ ಮಹಾನಗರ ಪಾಲಿಕೆಗೆ ಹೋಗುತ್ತದೆ. ನಮ್ಮಲ್ಲಿ ಊರು ಬೆಳೆದಂತೆ ಸುತ್ತಲಿನ ಹಳ್ಳಿಗಳನ್ನು ಪಾಲಿಕೆ ನುಂಗುತ್ತದೆ. ಹುಬ್ಬಳ್ಳಿ-ಧಾರವಾಡವಂತೂ 1962ರಲ್ಲಿ ಎರಡು ಊರನ್ನೇ ಒಂದು ಪಾಲಿಕೆ ಮಾಡಿತು. ಅಮೆರಿಕದಲ್ಲಿ ಮನೆಯ ವಿಳಾಸವೇ ಸರ್ಕಾರಿ ಶಾಲೆಯನ್ನು ಗೊತ್ತುಮಾಡುತ್ತದೆ, ಆ ಶಾಲೆಯ ಖರ್ಚಿನ ದೊಡ್ಡ ಪಾಲು ಸ್ಥಳೀಯ ಆಸ್ತಿ ತೆರಿಗೆಯಿಂದ ಬರುತ್ತದೆ. ಮಧ್ಯಮ ವರ್ಗ ಗಡಿ ದಾಟಿತೆಂದರೆ ನಗರದ ಶಾಲೆಗೆ ಮಕ್ಕಳೂ ಕಡಿಮೆ, ದುಡ್ಡೂ ಕಡಿಮೆ, ಉಳಿದವರಲ್ಲಿ ಬಡವರೇ ಹೆಚ್ಚು. ಮುಂದಿನ ಮನೆಯವನು ಹೊರಡಲು ಅದೇ ಕಾರಣ. 1964ರ ಜುಲೈನಲ್ಲಿ ಕರಿಯರ ಕೇರಿಗಳಲ್ಲಿ ಮೂರು ದಿನ ಗಲಭೆಯಾಗಿ ನ್ಯಾಷನಲ್ ಗಾರ್ಡ್ ಕರೆಸಬೇಕಾಯಿತು. ಬಿಳಿಯರ ವಲಸೆ ಅದರಿಂದ ಶುರುವಾಯಿತೆಂದು ಹೇಳುವ ರೂಢಿಯಿದೆ. ಅದು ಜೋರಾದದ್ದು ನಿಜ. ಆದರೆ ಹೊರಡುವ ದಾರಿಗೆ ಆಗಲೇ ಡಾಂಬರು ಬಿದ್ದು ಹತ್ತು ವರ್ಷವಾಗಿತ್ತು.

ಆ ದಾರಿಯ ಹೆಸರು ಇನ್ನರ್ ಲೂಪ್. 1952ರಲ್ಲಿ ಶುರು, 1965ರಲ್ಲಿ ಪೂರ್ಣ. ಡೌನ್‌ಟೌನಿನ ಸೊಂಟಕ್ಕೆ ಬಿಗಿದ ಉಡಿದಾರದಂತೆ ಸುತ್ತ ಬಳಸಿದ ವರ್ತುಲ ರಸ್ತೆ, ಹೆಚ್ಚಿನ ಭಾಗ ನೆಲಮಟ್ಟಕ್ಕಿಂತ ಕೆಳಗೆ ತೋಡಿದ್ದು. ಎರಡು ಬದಿಗೂ ಕಾಂಕ್ರೀಟ್ ತಡೆಗೋಡೆ, ಮೇಲೆ ಅಲ್ಲಲ್ಲಿ ಸೇತುವೆ, ಪಕ್ಕದಲ್ಲಿ ಸರ್ವಿಸ್ ರಸ್ತೆ. ಕೆಲವೆಡೆ ಎಲ್ಲ ಸೇರಿ 12 ಲೇನ್. ಉದ್ದೇಶ ಒಳ್ಳೆಯದೇ ಇತ್ತು: ಹೊರವಲಯದವರು ಕಾರಿನಲ್ಲಿ ಸರಾಗ ಬಂದು, ಕೊಂಡು, ಸರಾಗ ಹೋಗಲಿ. ಆದದ್ದು ಕಂದಕ. ಕೋಟೆಯ ಕಂದಕ ಶತ್ರುವನ್ನು ಹೊರಗಿಡುತ್ತದೆ, ಇದು ಗಿರಾಕಿಯನ್ನು ಹೊರಗಿಟ್ಟಿತು. ಹತ್ತು ನಿಮಿಷ ನಡೆದು ಮೇನ್ ಸ್ಟ್ರೀಟಿಗೆ ಬರುತ್ತಿದ್ದವರ ಮನೆಗಳನ್ನು ಕೆಡವಿ ಆ ರಸ್ತೆ ತೋಡಿದ್ದು. ಉಳಿದವರು ಬರಬೇಕಾದರೆ ಗಾಳಿ ಬೀಸುವ ಸೇತುವೆ ದಾಟಬೇಕು, ವರ್ಷಕ್ಕೆ ಸರಾಸರಿ ನೂರು ಇಂಚಿನ ಆಸುಪಾಸು ಹಿಮ ಬೀಳುವ ಊರಲ್ಲಿ. ಅದೇ ಕಾಲದ ನಗರ ನವೀಕರಣ ಯೋಜನೆಗಳು ಜಾಝ್ ಕ್ಲಬ್ಬುಗಳಿಗೆ ಹೆಸರಾಗಿದ್ದ ಕ್ಲಾರಿಸ್ಸಾ ಸ್ಟ್ರೀಟಿನ ಕರಿಯರ ಪೇಟೆಯನ್ನೂ ಬೋಳಿಸಿದವು. ಡೌನ್‌ಟೌನಿನಲ್ಲೇ ಇದ್ದ ತಾಂತ್ರಿಕ ವಿದ್ಯಾಲಯ ಆರ್‌ಐಟಿ 1968ರಲ್ಲಿ ಹೆನ್ರಿಯೆಟಾದ ಬಯಲಿಗೆ ಎದ್ದು ಹೋಯಿತು. ಇಂದು ಬೆಳಗಾವಿಯಿಂದಲೋ ಮೈಸೂರಿನಿಂದಲೋ ಅಲ್ಲಿಗೆ ಓದಲು ಹೋಗುವ ಹುಡುಗರು ಡೌನ್‌ಟೌನಿಗೆ ಕಾಲಿಡದೆಯೇ ಪದವಿ ಮುಗಿಸಬಹುದು.

ಇನ್ನು ಒಳಗಡೆ. ಮಾಲುಗಳ ಪೈಪೋಟಿ ಎದುರಿಸಲು ಮೆಕರ್ಡೀಸ್ ಮತ್ತು ಫೋರ್‌ಮನ್ಸ್ ಮಾಲೀಕರೇ ಕೂಡಿ, ವಿಯೆನ್ನಾ ಮೂಲದ ವಾಸ್ತುಶಿಲ್ಪಿ ವಿಕ್ಟರ್ ಗ್ರುಯೆನ್ ಅವರನ್ನು ಕರೆಸಿ, 1962ರ ಏಪ್ರಿಲ್‌ನಲ್ಲಿ ಮಿಡ್‌ಟೌನ್ ಪ್ಲಾಜಾ ತೆರೆದರು. ಡೌನ್‌ಟೌನ್ ಒಳಗೆ ಛಾವಣಿ ಹೊದಿಸಿ ಕಟ್ಟಿದ ಅಮೆರಿಕದ ಮೊದಲ ಮಾಲ್ ಅದು. ನಡುವೆ ಹನ್ನೆರಡು ದೇಶಗಳ ಬೊಂಬೆಗಳಿರುವ ಗಡಿಯಾರ, ಕ್ರಿಸ್‌ಮಸ್‌ಗೆ ಮಕ್ಕಳು ಕೂತು ಸುತ್ತುವ ಮೋನೋರೈಲು, ನೆಲದಡಿ ಸುಮಾರು 1,800 ಕಾರಿನ ಜಾಗ. ಹೊರಗೆ ಸೊನ್ನೆಗಿಂತ ಕೆಳಗಿನ ಚಳಿ, ಒಳಗೆ ಸ್ವೆಟರಿಲ್ಲದೆ ಓಡಾಟ. ಜಗತ್ತಿನ ಯೋಜಕರೆಲ್ಲ ನೋಡಲು ಬಂದರು.

ಅದರ ದೋಷ ಅದರ ಚೆಲುವಿನಲ್ಲೇ ಇತ್ತು. ನೆಲದಡಿ ಕಾರು ಬಿಟ್ಟು ಲಿಫ್ಟಿನಲ್ಲಿ ಮೇಲೆ ಬಂದವನು ಮತ್ತೆ ಲಿಫ್ಟಿನಲ್ಲಿ ಇಳಿದು ಹೋಗುತ್ತಾನೆ, ಬೀದಿಗೆ ಬರುವ ಕಾರಣವೇ ಇಲ್ಲ. ಅಂಗಡಿಗಳ ಮುಖವೆಲ್ಲ ಒಳಗೆ, ಬೀದಿಗೆ ಬೆನ್ನು. ಮುಂದೆ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಮೊದಲ ಮಹಡಿಯಲ್ಲೇ ಗಾಜಿನ ಸೇತುವೆಗಳನ್ನೂ ಹಾಕಿದರು, ಉಳಿದಿದ್ದ ನಾಲ್ಕು ಜನರೂ ಬೀದಿ ಬಿಟ್ಟು ಮೇಲೇರಿದರು. ಚಳಿಯ ಊರಿಗೆ ಇದು ಬೇಕಲ್ಲವೇ ಎಂದರೆ, ಅದೇ ಚಳಿಯಲ್ಲಿ ನೂರಕ್ಕೂ ಹೆಚ್ಚು ವರ್ಷ ಜನ ಮೇನ್ ಸ್ಟ್ರೀಟಿನಲ್ಲಿ ನಡೆದಿದ್ದಾರೆ. ಹತ್ತು ಹೆಜ್ಜೆಗೊಂದು ಬಾಗಿಲಿದ್ದರೆ ಚಳಿಯಲ್ಲೂ ನಡೆಯಬಹುದು, ನೂರು ಹೆಜ್ಜೆಯ ಬೋಳು ಗೋಡೆಯ ಪಕ್ಕ ಬೇಸಿಗೆಯಲ್ಲೂ ನಡೆಯಲು ಮನಸ್ಸಾಗುವುದಿಲ್ಲ.

ಕಾರಿನ ಲೆಕ್ಕ ಇಲ್ಲೇ ಹಾಕಿಬಿಡೋಣ. ಒಂದು ಕಾರು ನಿಲ್ಲಲು 9 ಅಡಿಗೆ 18 ಅಡಿ, ಅಂದರೆ 162 ಚದರಡಿ. ಅದು ಒಳಗೆ ಬಂದು ತಿರುಗಿ ಹೊರಗೆ ಹೋಗುವ ದಾರಿಯ ಪಾಲು ಸೇರಿಸಿದರೆ 300 ಚದರಡಿಗೂ ಮೇಲೆ. ನಮ್ಮ ಹಳೇ ಪೇಟೆಯ ಅಂಗಡಿ ಎಷ್ಟು? ಹತ್ತಡಿ ಮುಂಭಾಗ, ಮೂವತ್ತಡಿ ಉದ್ದ: 300 ಚದರಡಿ. ಒಂದು ಕಾರಿನ ಜಾಗದಲ್ಲಿ ಒಂದು ಕುಟುಂಬ, ಇಬ್ಬರು ಕೆಲಸದ ಹುಡುಗರು, ಮೂರು ತಲೆಮಾರಿನ ಲೆಕ್ಕದ ಪುಸ್ತಕ ಬದುಕುತ್ತವೆ. ಮಿಡ್‌ಟೌನಿನ 1,800 ಕಾರುಗಳಿಗೆ ಈ ಲೆಕ್ಕದಲ್ಲಿ 12 ಎಕರೆ ಮೀರಿದ ನೆಲ ಬೇಕು. ಅಲ್ಲಿ ಅದನ್ನು ನೆಲದಡಿ ಅಂತಸ್ತುಗಳಲ್ಲಿ ಮಡಚಿಟ್ಟರು. ಡೌನ್‌ಟೌನಿನ ಬೇರೆ ಕಡೆ ಮಡಚಲಿಲ್ಲ, ಹಳೇ ಕಟ್ಟಡಗಳನ್ನು ಕೆಡವಿ ಬಯಲು ಪಾರ್ಕಿಂಗ್ ಮಾಡಿದರು. ಹಾಗೆ ಮಾಡುವವನಿಗೆ ಕಟ್ಟಡದ ತೆರಿಗೆಯೂ ತಗ್ಗುತ್ತದೆ, ರಿಪೇರಿ ಖರ್ಚೂ ಇಲ್ಲ, ದಿನದ ಬಾಡಿಗೆಯೂ ಬರುತ್ತದೆ. ಒಬ್ಬೊಬ್ಬ ಮಾಲೀಕನ ಲೆಕ್ಕದಲ್ಲಿ ಜಾಣತನ, ಎಲ್ಲರೂ ಮಾಡಿದಾಗ ಪಾರ್ಕ್ ಮಾಡಲು ಜಾಗವಿದೆ, ಪಾರ್ಕ್ ಮಾಡಿ ಹೋಗಲು ಅಂಗಡಿಯಿಲ್ಲ. ಬಹುಮಹಡಿ ಗ್ಯಾರೇಜುಗಳ ಗೋಳು ಇನ್ನೊಂದು. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿದ ಉಪ್ಪು ಕಾರಿನ ಚಕ್ರಕ್ಕಂಟಿ ಒಳಗೆ ಬಂದು, ಕರಗಿ, ಕಾಂಕ್ರೀಟಿನ ಬಿರುಕಿಗಿಳಿದು ಕಬ್ಬಿಣದ ಸರಳನ್ನು ತಿನ್ನುತ್ತದೆ. ತುಕ್ಕು ಹಿಡಿದ ಸರಳು ಉಬ್ಬಿ ಕಾಂಕ್ರೀಟನ್ನು ಚಕ್ಕೆ ಚಕ್ಕೆಯಾಗಿ ಒಡೆಯುತ್ತದೆ. ನೀರಿಳಿಯದ ಲೇಪವನ್ನು ಆಗಾಗ ಹೊಸದಾಗಿ ಹಚ್ಚದಿದ್ದರೆ ಕೆಲವೇ ದಶಕಗಳಲ್ಲಿ ದೊಡ್ಡ ರಿಪೇರಿ ಖಾತ್ರಿ.

ಕೊಡಾಕ್‌ನ ಪಾಲೇ ಇಲ್ಲವೆಂದೂ ಹೇಳಲಾರೆ. ಅದರ ತಪ್ಪು ಬೇರೆ ಜಾತಿಯದು. ಸ್ಟೇಟ್ ಸ್ಟ್ರೀಟಿನ ಕೊಡಾಕ್ ಟವರ್ ಡೌನ್‌ಟೌನಿನ ಅಂಚಿನಲ್ಲೇ ಇದೆ. ಆದರೆ ಬಹುಪಾಲು ಜನ ಕೆಲಸ ಮಾಡಿದ್ದು ವಾಯವ್ಯಕ್ಕೆ ಕೆಲವು ಮೈಲಿ ದೂರದ ಕೊಡಾಕ್ ಪಾರ್ಕಿನಲ್ಲಿ. ಅಲ್ಲಿ ಕ್ಯಾಂಟೀನು, ಸಭಾಂಗಣ, ಆಟದ ಕೋಣೆ ಎಲ್ಲ ಕಂಪನಿಯದೇ. ಊಟದ ವಿರಾಮದಲ್ಲಿ ನೌಕರ ಗೇಟು ದಾಟಬೇಕಾದ್ದೇ ಇಲ್ಲ. ಅತ್ಯುತ್ತಮ ಮಾಲೀಕ, ಪೇಟೆಯ ಪಾಲಿಗೆ ಕೆಟ್ಟ ನೆರೆಯವ. ಇದಕ್ಕೆ ಎದುರಾಗಿ ದಾವಣಗೆರೆಯ ಮಿಲ್ಲುಗಳನ್ನು ಇಡಿ. ಪಾಳಿ ಮುಗಿಸಿದ ಕೂಲಿಯವನ ಊಟ, ತಿಂಡಿ, ಸಿನಿಮಾ, ಸಂತೆ ಎಲ್ಲವೂ ಗೇಟಿನ ಹೊರಗೆ. ಮಂಡಕ್ಕಿ-ಮೆಣಸಿನಕಾಯಿ, ಬೆಣ್ಣೆ ದೋಸೆಗಳ ಊರೆಂದು ದಾವಣಗೆರೆ ಹೆಸರಾದದ್ದರ ಹಿಂದೆ ಈ ಸಣ್ಣ ಕೈಗಳ ಸಣ್ಣ ಖರ್ಚೂ ಇದೆ ಎಂದು ನನ್ನ ಅಂದಾಜು. ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದಿನ ಆ ಊರಿನ ಮಿಲ್ಲುಗಳು ಒಂದೊಂದಾಗಿ ನಿಂತವು, ದಾವಣಗೆರೆ ಕಾಟನ್ ಮಿಲ್ಲಿನ ಡಿಸಿಎಂ ಎಂಬ ಮೂರಕ್ಷರ ಈಗ ಬಡಾವಣೆಯ ಹೆಸರು. ಅಷ್ಟಾದರೂ ಮಂಡಿಪೇಟೆ, ಚೌಕಿಪೇಟೆಗಳಲ್ಲಿ ಸಂಜೆ ಆರಕ್ಕೆ ಬೈಕು ತಿರುಗಿಸಲು ಜಾಗವಿಲ್ಲ. ಮಿಲ್ಲಿನ ಜಾಗವನ್ನು ಕಾಲೇಜುಗಳು ತುಂಬಿದವು. ಜೆಜೆಎಂ ವೈದ್ಯಕೀಯ ಕಾಲೇಜು 1965ರದು, ಎಂಜಿನಿಯರಿಂಗ್ ಕಾಲೇಜು ಬಿಐಇಟಿ 1979ರದು, ಅಂದರೆ ಮಿಲ್ಲು ಪೂರ್ತಿ ನಿಲ್ಲುವ ಮೊದಲೇ ಮುಂದಿನ ಅನ್ನಕ್ಕೆ ಎಸರಿಟ್ಟಾಗಿತ್ತು. ರಾಚೆಸ್ಟರಿನಲ್ಲೂ ಇಂದು ಅತಿ ಹೆಚ್ಚು ಜನರಿಗೆ ಕೆಲಸ ಕೊಡುವುದು ವಿಶ್ವವಿದ್ಯಾಲಯ ಮತ್ತು ಅದರ ಆಸ್ಪತ್ರೆ. ಈ ವಿಷಯದಲ್ಲಿ ಎರಡೂ ಊರು ಅಕ್ಕ-ತಂಗಿ. ಹಾಗಿದ್ದೂ ಒಂದರ ಪೇಟೆ ಉಳಿದು ಇನ್ನೊಂದರದು ಹೋಯಿತು.

ನಮ್ಮ ಪೇಟೆ ಉಳಿದದ್ದು ಯಾರದೋ ಜಾಣತನದಿಂದ ಎಂದುಕೊಂಡರೆ ತಪ್ಪು. ಅರ್ಧ ಉಳಿಸಿದ್ದು ನಮ್ಮ ಕೋರ್ಟು ಕೇಸುಗಳು. ಹಳೇ ಪೇಟೆಯ ಒಂದು ಮಳಿಗೆಗೆ ಅಣ್ಣತಮ್ಮಂದಿರು, ಅತ್ತಿಗೆ, ಸೋದರಳಿಯ ಸೇರಿ ಏಳು ಜನ ಹಕ್ಕುದಾರರು. ಒಬ್ಬರು ಸಹಿ ಹಾಕಿದರೆ ಒಬ್ಬರು ಹಾಕುವುದಿಲ್ಲ. ಒಳಗೆ 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲದಿಂದ ಕೂತ ಬಾಡಿಗೆದಾರ, ಕೈಗೆ ಕೊಟ್ಟ ಪಗಡಿ ಹಣ, ಕಾಗದದಲ್ಲಿ ನಗೆ ಬರಿಸುವ ಬಾಡಿಗೆ. ಇಂಥ ಇಪ್ಪತ್ತು ಮಳಿಗೆಗಳನ್ನು ಕೂಡಿಸಿ ಒಂದು ಬ್ಲಾಕು ಕೊಳ್ಳುವುದು ಯಾವ ಬಿಲ್ಡರನಿಗೂ ಆಗದ ಮಾತು. ಹಾಗಾಗಿ ಕೆಡವಲಿಲ್ಲ. ರಾಚೆಸ್ಟರಿನಲ್ಲಿ ಸಿಬ್ಲೀಸ್ ಒಂದೇ ಕಟ್ಟಡ 11 ಲಕ್ಷ ಚದರಡಿ. ನಮ್ಮ ಲೆಕ್ಕದಲ್ಲಿ ಮೂರೂವರೆ ಸಾವಿರ ಅಂಗಡಿ, ಒಬ್ಬನೇ ಮಾಲೀಕ, ಒಂದೇ ನಿರ್ಧಾರ. ಅವನು ಬಾಗಿಲು ಹಾಕಿದ ದಿನ ಇಡೀ ಬ್ಲಾಕಿನ ದೀಪ ಆರುತ್ತದೆ. ಮಂಡಿಪೇಟೆಯಲ್ಲಿ ಒಬ್ಬ ದಿವಾಳಿಯೆದ್ದರೆ ವಾರದಲ್ಲಿ ಇನ್ನೊಬ್ಬ ಬೋರ್ಡು ಬರೆಸುತ್ತಾನೆ.

ಇದೇ ಜಗ್ಗಾಟದ ಇನ್ನೊಂದು ಮುಖವನ್ನೂ ಹೇಳಬೇಕು. ಏಳು ಹಕ್ಕುದಾರರ ಮಳಿಗೆಯ ಛಾವಣಿ ಸೋರಿದರೆ ರಿಪೇರಿ ಮಾಡಿಸುವವರು ಯಾರೂ ಇಲ್ಲ. ಹಳೇ ಗಾರೆಯ ಗೋಡೆ, ಒಳಗೆ ಗೆದ್ದಲು ಹಿಡಿದ ಜಂತಿ, ಒಂದು ಬಲ್ಬು ಒಂದು ಫ್ಯಾನಿನ ಕಾಲದ ವೈರಿಗೆ ಈಗ ಎರಡು ಎಸಿ, ಒಂದು ಫ್ರಿಜ್. ಮೇಲಿನ ಮನೆಯಿಂದ ಸಂಸಾರ ಲೇಔಟಿಗೆ ಹೋಯಿತು, ಖಾಲಿ ಕೋಣೆಗಳು ಗೋಡೌನ್ ಆದವು. ಬಟ್ಟೆಯ ಬೇಲು, ಪ್ಲಾಸ್ಟಿಕ್ಕು, ಥರ್ಮಾಕೋಲು, ಕೆಳಗೆ ಅಗ್ನಿಶಾಮಕ ಗಾಡಿ ನುಗ್ಗದ ಓಣಿ. ಪೇಟೆ ಸಾಯುವ ಮೊದಲ ಸೂಚನೆ ಅಂಗಡಿ ಮುಚ್ಚುವುದಲ್ಲ, ಅಂಗಡಿಯ ಮೇಲೆ ಒಣಹಾಕಿದ ಬಟ್ಟೆ ಕಾಣದಂತಾಗುವುದು. ಅದು ನಮ್ಮಲ್ಲಿ ಶುರುವಾಗಿದೆ.

ರಾಚೆಸ್ಟರಿನವರು ತಪ್ಪು ತಿದ್ದುತ್ತಿರುವ ಬಗೆ ನೋಡಿ ಕಲಿಯುವಂಥದ್ದು. ಮಿಡ್‌ಟೌನ್ 2008ರಲ್ಲಿ ಬೀಗ ಹಾಕಿತು, ಮುಂದಿನ ಎರಡು-ಮೂರು ವರ್ಷಗಳಲ್ಲಿ ಕೆಡವಿದರು. ಕೆಡವುವುದೆಂದರೆ ಜೆಸಿಬಿ ನುಗ್ಗಿಸುವುದಲ್ಲ. 1960ರ ದಶಕದ ಕಟ್ಟಡವೆಂದರೆ ಕಂಬಗಳ ಲೇಪದಲ್ಲಿ, ಪೈಪಿನ ಹೊದಿಕೆಯಲ್ಲಿ, ನೆಲದ ಹಾಸಿನಲ್ಲಿ ಆಸ್‌ಬೆಸ್ಟಾಸ್. ಮೊದಲು ಅದನ್ನು ಕೋಣೆಕೋಣೆ ಮುಚ್ಚಿ, ಒದ್ದೆ ಮಾಡಿ, ಹೆರೆದು, ಚೀಲಕ್ಕೆ ತುಂಬಿ ಸಾಗಿಸಬೇಕು, ಆಮೇಲೆ ಸುತ್ತಿಗೆ. ನೆಲದಡಿಯ ಗ್ಯಾರೇಜನ್ನು ಮಾತ್ರ ಉಳಿಸಿಕೊಂಡರು. ಅದರ ನೆತ್ತಿಯ ಮೇಲೆ ಹೊಸ ಬೀದಿ ಹಾಯಿಸಬೇಕೆಂದರೆ ಬಸ್ಸು ಲಾರಿಗಳ ಭಾರ ಹೊರುವಂತೆ ಬಲಪಡಿಸಬೇಕು. ಮಿಡ್‌ಟೌನ್ ಟವರಿನ ಉಕ್ಕಿನ ಅಸ್ಥಿಪಂಜರ ಬಿಟ್ಟು ಉಳಿದದ್ದನ್ನೆಲ್ಲ ಸುಲಿದು, ಹೊಸ ಗಾಜು ಹೊದಿಸಿ ಮನೆಗಳನ್ನಾಗಿ ಮಾಡಿದರು. ಆ ಹನ್ನೆರಡು ದೇಶಗಳ ಗಡಿಯಾರವೂ ಹಲವೆಡೆ ಸುತ್ತಿ ಮತ್ತೆ ಅಲ್ಲಿಗೇ ಬಂದಿದೆ.

ಸಿಬ್ಲೀಸ್ ಕಟ್ಟಡದ ಪಾಡು ಬೇರೆ. 1904ರಲ್ಲಿ ಹಳೇ ಅಂಗಡಿ ಬೆಂಕಿಗೆ ಆಹುತಿಯಾದ ಮೇಲೆ ಕಟ್ಟಿದ್ದು, ಗಟ್ಟಿಮುಟ್ಟು. ಅಂಗಡಿಗೆ ಕಟ್ಟಿದ ಕಟ್ಟಡವನ್ನು ಮನೆ ಮಾಡುವಾಗ ಅಡ್ಡಬರುವುದು ಅದರ ಹೊಟ್ಟೆ. ಕಿಟಕಿಯಿಂದ ಮೂವತ್ತು ಅಡಿ ಒಳಗೆ ಹೋದರೆ ಹಗಲಲ್ಲೂ ಕತ್ತಲು. ಮನೆಗಳನ್ನು ಹೊರ ಅಂಚಿಗೆ ಜೋಡಿಸಿ ನಡುವಿನ ಕತ್ತಲಿಗೆ ದಾಸ್ತಾನು, ಜಿಮ್ಮು, ಲಿಫ್ಟು ಕೊಡಬೇಕು, ಇಲ್ಲವೇ ನಡುವೆ ಛಾವಣಿಯಿಂದ ಕೆಳಗಿನವರೆಗೆ ತೊಟ್ಟಿ ಕೊರೆದು ಬೆಳಕು ಇಳಿಸಬೇಕು. ನಮ್ಮ ತೊಟ್ಟಿಮನೆ ಕಟ್ಟಿದವರಿಗೆ ಇದನ್ನು ಹೇಳಿಕೊಡಬೇಕಿರಲಿಲ್ಲ. ಇಷ್ಟು ಖರ್ಚು ಬಾಡಿಗೆಯಿಂದ ಹುಟ್ಟುವುದಿಲ್ಲ. ಹುಟ್ಟಿಸುವುದು ಐತಿಹಾಸಿಕ ಕಟ್ಟಡಗಳ ತೆರಿಗೆ ರಿಯಾಯಿತಿ: ಅರ್ಹ ದುರಸ್ತಿ ಖರ್ಚಿನ 20 ಶೇಕಡಾ ಕೇಂದ್ರದಿಂದ, ಮಿತಿಗೊಳಪಟ್ಟು ಇನ್ನೊಂದು 20 ಶೇಕಡಾ ನ್ಯೂಯಾರ್ಕ್ ರಾಜ್ಯದಿಂದ. ಷರತ್ತುಗಳು ಬಿಗಿ. ಕಟ್ಟಡ ಆದಾಯ ತರುವಂಥದ್ದಿರಬೇಕು, ದುರಸ್ತಿಯ ಖರ್ಚು ಲೆಕ್ಕಪುಸ್ತಕದಲ್ಲಿರುವ ಕಟ್ಟಡದ ಬೆಲೆ ಮೀರಬೇಕು, ಕಿಟಕಿ ಬದಲಿಸಿದರೆ ಹಳೆಯದರ ಅಚ್ಚಿನಂತೆಯೇ ಇರಬೇಕು, ಐದು ವರ್ಷದೊಳಗೆ ಮಾರಿದರೆ ರಿಯಾಯಿತಿಯ ಪಾಲನ್ನು ವಾಪಸು ಕಟ್ಟಬೇಕು. ನಮ್ಮಲ್ಲಿ ಪಾರಂಪರಿಕ ಕಟ್ಟಡ ಎಂಬ ಫಲಕ ಬಿದ್ದರೆ ಮಾಲೀಕ ತಲೆಮೇಲೆ ಕೈಹೊತ್ತು ಕೂರುತ್ತಾನೆ, ಏಕೆಂದರೆ ಆ ಫಲಕದ ಜೊತೆ ಬರುವುದು ನಿಷೇಧ ಮಾತ್ರ. ಫಲಕದ ಹಿಂದೆಯೇ ಚೆಕ್ಕೂ ಬರುವ ಏರ್ಪಾಟನ್ನು ಕರ್ನಾಟಕ ಆಮದು ಮಾಡಿಕೊಳ್ಳಬೇಕಿತ್ತು. ನಾವು ಆಮದು ಮಾಡಿಕೊಂಡದ್ದು ಮಾಲು ಮತ್ತು ಫ್ಲೈಓವರು.

ಕಂದಕವನ್ನೂ ತುಂಬಿದರು. ಇನ್ನರ್ ಲೂಪಿನ ಪೂರ್ವ ಭಾಗದ ಸೇತುವೆಗಳಿಗೂ ತಡೆಗೋಡೆಗಳಿಗೂ ಮುಪ್ಪು ಬಂದಿತ್ತು. ರಿಪೇರಿ ಮಾಡುವ ಖರ್ಚಿಗೂ ಮುಚ್ಚಿಹಾಕುವ ಖರ್ಚಿಗೂ ದೊಡ್ಡ ಅಂತರವಿಲ್ಲ ಎಂದು ಲೆಕ್ಕ ಹೇಳಿತು. ವಾಹನಗಳೂ ಎರಡು ಲೇನಿನ ಸಾಮಾನ್ಯ ಬೀದಿಗೆ ಸಾಕಾಗುವಷ್ಟೇ ಇದ್ದವು. 2014ರಿಂದ 2017ರವರೆಗೆ, ಎರಡು ಕೋಟಿ ಡಾಲರಿಗೂ ಮಿಕ್ಕ ಖರ್ಚಿನಲ್ಲಿ, ಒಂದು ಮೈಲಿಯ ಮೂರನೇ ಎರಡು ಭಾಗದಷ್ಟು ಉದ್ದ ತುಂಬಿ ಯೂನಿಯನ್ ಸ್ಟ್ರೀಟನ್ನು ಮತ್ತೆ ಬೀದಿಯಾಗಿ ಮಾಡಿದರು. ಸುಮಾರು ಆರು ಎಕರೆ ಸೈಟು ಹೊಸದಾಗಿ ಹುಟ್ಟಿತು. ಅಲ್ಲಿ ಈಗ ಮನೆಗಳು, ಹೋಟೆಲು, ದೊಡ್ಡದಾದ ಆಟಿಕೆ ವಸ್ತುಸಂಗ್ರಹಾಲಯ. ಇಂಥ ತುಂಬುವ ಕೆಲಸದಲ್ಲಿ ಮಣ್ಣನ್ನು ಒಮ್ಮೆಗೇ ಸುರಿಯುವಂತಿಲ್ಲ. ತೆಳು ಪದರ ಹರವಿ, ತೇವ ಹದ ಮಾಡಿ, ರೋಲರು ಓಡಿಸಿ, ಗಟ್ಟಿತನ ಅಳೆದು, ಆಮೇಲೆ ಮುಂದಿನ ಪದರ. ಅವಸರ ಮಾಡಿದರೆ ಎರಡು ಚಳಿಗಾಲದಲ್ಲಿ ನೆಲ ಕುಸಿದು ರಸ್ತೆ ಅಲೆಅಲೆಯಾಗುತ್ತದೆ, ಒಳಗಿನ ನೀರಿನ ಪೈಪು ಕೀಲು ಬಿಡುತ್ತದೆ. ಉತ್ತರ ಭಾಗ ತುಂಬಲು 2022ರಲ್ಲಿ ರಾಜ್ಯ 10 ಕೋಟಿ ಡಾಲರ್ ಘೋಷಿಸಿತು.

ಹುಬ್ಬಳ್ಳಿಯ ಚೆನ್ನಮ್ಮ ವೃತ್ತದ ನೆತ್ತಿಯ ಮೇಲೆ ಫ್ಲೈಓವರ್ ಎದ್ದಿರುವುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಟ್ರಾಫಿಕ್ ಇಲ್ಲವೆಂದಲ್ಲ, ಊರಿನ ದಾರಿಗಳೆಲ್ಲ ಕೂಡುವ ಜಾಗ. ಆದರೆ ಫ್ಲೈಓವರ್ ಉಪಕಾರ ಮಾಡುವುದು ಪೇಟೆಯನ್ನು ದಾಟಿ ಹೋಗುವವನಿಗೆ, ಪೇಟೆಗೇ ಬರುವವನಿಗಲ್ಲ. ಕಂಬದ ಬುಡದ ಕತ್ತಲು, ಧೂಳು, ಅಡ್ಡ ದಾಟಲಾಗದ ಬೇಲಿ ಅಂಗಡಿಯವನ ಪಾಲು. ಕಂದಕವನ್ನು ತಪ್ಪಾಯಿತೆಂದು ಮಣ್ಣು ಹಾಕಿ ಮುಚ್ಚಬಹುದು, ಫ್ಲೈಓವರನ್ನು ತುಂಡು ತುಂಡಾಗಿ ಕತ್ತರಿಸಿಯೇ ಇಳಿಸಬೇಕು. ಇದೇ ಹುಬ್ಬಳ್ಳಿ ಇನ್ನೊಂದು ಪಾಠವನ್ನು ತಾನೇ ಕಲಿಸಿತ್ತು: ಗೋಕುಲ ರಸ್ತೆಗೆ ಹೊಸ ಬಸ್ ನಿಲ್ದಾಣ ಕಟ್ಟಿದರೂ ಜನ ಹಳೇ ಬಸ್‌ಸ್ಟ್ಯಾಂಡ್ ಬಿಡಲಿಲ್ಲ. ಬಸ್ಸು ನಿಲ್ಲುವಲ್ಲಿ ಪೇಟೆ. ರಾಚೆಸ್ಟರಿನವರು 2014ರಲ್ಲಿ ಮೇನ್ ಸ್ಟ್ರೀಟಿನ ನಿಲುಗಡೆಗಳಲ್ಲಿ ಕಾಯುತ್ತಿದ್ದವರನ್ನು ಹಿಂದಿನ ಮಾರ್ಟಿಮರ್ ಸ್ಟ್ರೀಟಿನ ಬೆಚ್ಚನೆಯ ಹೊಸ ನಿಲ್ದಾಣದೊಳಕ್ಕೆ ಸೇರಿಸಿದರು. ಕಾಯುವವರಿಗೆ ಹಿತ, ಅದನ್ನು ಅಲ್ಲಗಳೆಯಲಾರೆ. ಮೇನ್ ಸ್ಟ್ರೀಟಿನಲ್ಲಿ ಉಳಿದಿದ್ದ ಓಡಾಟವೆಂದರೆ ಬಹುಮಟ್ಟಿಗೆ ಅವರದೇ ಆಗಿತ್ತು ಎಂಬುದು ಆಮೇಲೆ ಕಂಡಿತು.

ದಾವಣಗೆರೆ, ಬೆಳಗಾವಿ 2016ರ ಸ್ಮಾರ್ಟ್ ಸಿಟಿ ಮೊದಲ ಪಟ್ಟಿಯಲ್ಲೇ ಇದ್ದವು. ಆ ಹೆಸರಿನಲ್ಲಿ ನಮ್ಮ ಊರುಗಳ ಹಳೇ ಪೇಟೆಗಳಿಗೆ ಕಾಂಕ್ರೀಟ್ ರಸ್ತೆ ಬಂತು. ಕಾಂಕ್ರೀಟ್ ಒಳ್ಳೆಯದೇ, ಅಳತೆ ತಪ್ಪದಿದ್ದರೆ. ಹಳೇ ಡಾಂಬರನ್ನು ಅಗೆದು ಹೊರಹಾಕದೆ ಮೇಲೆಯೇ ಆರೆಂಟು ಇಂಚು ಸುರಿದರೆ ಅಂಗಡಿಯ ಹೊಸ್ತಿಲು ರಸ್ತೆಗಿಂತ ಕೆಳಗಾಗುತ್ತದೆ. ಮೊದಲ ಮಳೆಗೇ ಬೀದಿಯ ನೀರು ಗಲ್ಲಾಪೆಟ್ಟಿಗೆಯ ಬುಡಕ್ಕೆ. ಅಂಗಡಿಯವನು ಹೊಸ್ತಿಲಿಗೆ ಇಟ್ಟಿಗೆ ಕಟ್ಟುತ್ತಾನೆ, ಆಮೇಲೆ ಕಟ್ಟೆ, ಕಟ್ಟೆಗೊಂದು ಮೆಟ್ಟಿಲು, ಮೆಟ್ಟಿಲು ಫುಟ್‌ಪಾತಿಗೆ ಬರುತ್ತದೆ, ಫುಟ್‌ಪಾತ್ ಹೋಗುತ್ತದೆ. ಮಾಡಬೇಕಾದ ಕ್ರಮ ಗೊತ್ತಿರುವುದೇ: ಮೊದಲು ಪ್ರತಿ ಹೊಸ್ತಿಲಿನ ಮಟ್ಟ ಅಳೆಯುವುದು, ಅತಿ ತಗ್ಗಿನ ಹೊಸ್ತಿಲಿಗಿಂತ ಅರ್ಧ ಅಡಿ ಕೆಳಗೆ ರಸ್ತೆಯ ಮೇಲ್ಮೈ ನಿಲ್ಲುವಂತೆ ಅಗೆಯುವುದು, ಚರಂಡಿ ಮತ್ತು ನೀರಿನ ಕೊಳವೆ ಬದಲಿಸಿ ಮುಗಿಸುವುದು, ಕೇಬಲ್ಲಿಗೆ ಅಡ್ಡ ಕೊಳವೆ ಹೂತಿಡುವುದು, ಕೊನೆಗೆ ಕಾಂಕ್ರೀಟ್. ನಾವು ಕೊನೆಯದನ್ನು ಮೊದಲು ಮಾಡಿ, ಮಿಕ್ಕಿದ್ದಕ್ಕೆ ಅದನ್ನು ಅಗೆಯುತ್ತೇವೆ.

ರಾಚೆಸ್ಟರಿನ ಡೌನ್‌ಟೌನಿಗೆ ಜನ ವಾಪಸು ಬಂದಿದ್ದಾರೆ. ಸಿಬ್ಲೀಸಿನಲ್ಲಿ, ಜೆರಾಕ್ಸ್ ಬಿಟ್ಟುಹೋದ 30 ಮಹಡಿಯ ಟವರಿನಲ್ಲಿ ರಾತ್ರಿ ದೀಪ ಕಾಣುತ್ತದೆ. ಸಮಸ್ಯೆ ಈಗ ಕೊತ್ತಂಬರಿ ಸೊಪ್ಪಿನದು. ಮಾಲ್ ಕಾಲದ ತರ್ಕದಲ್ಲಿ ದಿನಸಿ ಅಂಗಡಿಯೆಂದರೆ ಅರ್ಧ ಲಕ್ಷ ಚದರಡಿ, ಎದುರಿಗೆ ಐದಾರು ಎಕರೆ ಪಾರ್ಕಿಂಗ್. 1916ರಲ್ಲಿ ಇದೇ ಊರಲ್ಲಿ ಹುಟ್ಟಿದ ವೆಗ್‌ಮನ್ಸ್‌ಗೆ ಇಡೀ ನಗರದ ಗಡಿಯೊಳಗೆ ಉಳಿದಿರುವುದು ಈಸ್ಟ್ ಅವೆನ್ಯೂದ ಒಂದೇ ಅಂಗಡಿ. ಹತ್ತಡಿಯ ಕಿರಾಣಿ ಮಳಿಗೆ ಹುಟ್ಟಲು ಹತ್ತಡಿಯ ಸೈಟು ಬೇಕು, ಹತ್ತಡಿಯ ಬಾಡಿಗೆ ಬೇಕು. ಕಂದಕ ಮುಚ್ಚಿ ಹುಟ್ಟಿದ ನೆಲವನ್ನು ದೊಡ್ಡ ದೊಡ್ಡ ತುಂಡುಗಳಾಗಿ ಬಿಲ್ಡರುಗಳಿಗೆ ಕೊಟ್ಟಿದ್ದರಿಂದ ಅದಕ್ಕೆ ಜಾಗ ಹುಟ್ಟಲಿಲ್ಲ. ಸೊಪ್ಪು ಬೇಕಾದವರು ಮಂಗಳವಾರ, ಗುರುವಾರ, ಶನಿವಾರ ಯೂನಿಯನ್ ಸ್ಟ್ರೀಟಿನ ಉತ್ತರ ತುದಿಯ ಪಬ್ಲಿಕ್ ಮಾರ್ಕೆಟ್ಟಿಗೆ ಹೋಗುತ್ತಾರೆ. 1905ರಿಂದ ನಗರಸಭೆಯೇ ನಡೆಸುತ್ತಿರುವ ಸಂತೆ, ತಗಡಿನ ಮಾಡು, ಕೈಯಳತೆಯ ಕಟ್ಟೆಗಳು, ಕಟ್ಟೆಗೊಬ್ಬ ವ್ಯಾಪಾರಿ. ಇನ್ನರ್ ಲೂಪ್ ಬಂದಾಗಲೂ, ಮಿಡ್‌ಟೌನ್ ತೆರೆದಾಗಲೂ, ಮುಚ್ಚಿದಾಗಲೂ ಅದರ ಬಾಗಿಲು ತೆಗೆದೇ ಇತ್ತು. ಶನಿವಾರ ಬೆಳಿಗ್ಗೆ ಏಳರ ಒಳಗೆ ಹೋಗದಿದ್ದರೆ ಅಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ.